ಮುಂಬಯಿ ಪಾಲಿಕೆ ಆಯುಕ್ತರಿಗೆ: ಎಲ್ಲ ಮರೆವೂ ಅಲ್ಝೈಮರ್ ಅಲ್ಲ

ಮಾನ್ಯ ಆಯುಕ್ತರೇ,

ವಯಸ್ಸಾದವರು ಏನೋ ಒಂಥರಾ ಆಡತೊಡಗಿದರೆ ನಮ್ಮ ಚಾಳು, ಸೊಸೈಟಿಗಳಲ್ಲಿ ಎರಡೇ ತೀರ್ಪು. ಅರಳು ಮರಳು, ಇಲ್ಲವೇ ಅಲ್ಝೈಮರ್. ಯಾವ ಕಾಯಿಲೆ ಅಂತ ಬೇರೆ ಮಾಡಿ ನೋಡುವವರು ಕಡಿಮೆ.

ಹೆಚ್ಚಿನವರದು ಅಲ್ಝೈಮರೇ, ನಿಜ. ಅದರಲ್ಲಿ ಮೊದಲು ಹೋಗುವುದು ಹೊಸ ನೆನಪು. ಕೇಳಿದ್ದನ್ನೇ ಕೇಳುತ್ತಾರೆ, ಊರಿನ ಹಳೇ ಕಥೆ ಮಾತ್ರ ಸಲೀಸು. ಲ್ಯೂಯಿ ಬಾಡಿ ಅಂತ ಬುದ್ಧಿ ಮಂಕಾಗುವ ಇನ್ನೊಂದು ಕಾಯಿಲೆ ಇದೆ, ಅದು ಹಾಗಲ್ಲ. ನಿನ್ನೆ ಪೇಪರ್ ಓದಿದವರು ಇವತ್ತು ಮಂಕು. ಮನೆಯಲ್ಲಿ ಇಲ್ಲದ ಮಕ್ಕಳು, ನಾಯಿ, ಬೆಕ್ಕು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತವೆ. ನಡಿಗೆ ನಿಧಾನ, ಮೈ ಬಿಗಿ. ನಿದ್ದೆಯಲ್ಲಿ ಕೂಗಿ ಒದೆಯುವುದು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಪಾರ್ಕಿನ್ಸನ್ ಇದರ ಹತ್ತಿರದ ನೆಂಟ. ಅಲ್ಲಿ ಕೈಕಾಲಿನ ತೊಂದರೆ ಮೊದಲು, ಬುದ್ಧಿ ಮಂಕಾಗುವುದು ವರ್ಷಗಳ ನಂತರ.

ನನ್ನ ಮಾವ ಮಾಟುಂಗಾದ ಹೋಟೆಲಿನಲ್ಲಿ ದುಡಿದವರು. ಮಂಚದ ಹತ್ತಿರ ಮಕ್ಕಳು ನಿಂತಿದ್ದಾರೆ ಅನ್ನತೊಡಗಿದಾಗ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಭ್ರಮೆ ತಗ್ಗಿಸುವ ಹ್ಯಾಲೊಪೆರಿಡಾಲ್ ಅನ್ನುವ ಔಷಧಿ ಕೊಟ್ಟರು. ವಾರದೊಳಗೆ ಮೈಯೆಲ್ಲ ಸೆಟೆದು, ಅನ್ನ ನುಂಗುವುದೂ ಕಷ್ಟವಾಯಿತು. ಲ್ಯೂಯಿ ಬಾಡಿ ಇದ್ದವರಿಗೆ ಈ ಔಷಧಿ ಪ್ರಾಣಕ್ಕೇ ಅಪಾಯ ಅಂತ ಆಮೇಲೆ ನ್ಯೂರಾಲಜಿಸ್ಟ್ ಹೇಳಿದರು.

ಫ್ರಂಟೊಟೆಂಪೊರಲ್ ಡಿಮೆನ್ಶಿಯಾ ಅಂತ ಇನ್ನೊಂದು ಕಾಯಿಲೆ ಇದೆ. ಬಹಳ ಸಲ 65ರ ಒಳಗೇ ಬರುತ್ತದೆ. ಶುರುವಿನಲ್ಲಿ ನೆನಪು ಗಟ್ಟಿ, ಕೆಡುವುದು ನಡವಳಿಕೆ ಅಥವಾ ಮಾತು. ಸಂಕೋಚ ಹೋಗುತ್ತದೆ, ಸಿಹಿ ಜಾಸ್ತಿ ತಿನ್ನುತ್ತಾರೆ. ಅಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್‌ನಿಂದ ಇವರಿಗೆ ಪ್ರಯೋಜನವಿಲ್ಲ. ಮನೆಯವರು ಮಾತ್ರ ಈ ನಡವಳಿಕೆಯನ್ನು ಕೊಬ್ಬು ಅಂದುಕೊಂಡು ಜಗಳಕ್ಕೆ ನಿಲ್ಲುತ್ತಾರೆ.

ನಿಮ್ಮಲ್ಲಿ ಕೇಳುವುದು ಸ್ಕ್ಯಾನಿಂಗ್ ಮೆಷಿನ್ ಅಲ್ಲ. ಪಾಲಿಕೆಯ ಬಡಾವಣೆ ಕ್ಲಿನಿಕ್‌ಗಳಾದ ಆಪ್ಲಾ ದವಾಖಾನಾದ ವೈದ್ಯರಿಗೆ ನಾಲ್ಕು ಪ್ರಶ್ನೆ ಕಲಿಸಿ. ಮೊದಲು ಕೆಟ್ಟಿದ್ದು ನೆನಪೋ, ನಡವಳಿಕೆಯೋ, ನಡಿಗೆಯೋ? ಇಲ್ಲದ್ದು ಕಾಣುತ್ತದೆಯೇ? ನಿದ್ದೆ ಹೇಗೆ? ಪಾರ್ಶ್ವವಾಯು ಆಗಿತ್ತೇ? ಜೊತೆಗೆ ಬಿ12, ಥೈರಾಯ್ಡ್ ನೋಡಿಸಿ; ಅವುಗಳಿಂದ ಬಂದ ಮಂಕನ್ನು ಬಹಳ ಸಲ ಸರಿಪಡಿಸಬಹುದು. ಅನುಮಾನ ಬಂದವರನ್ನು ಪಾಲಿಕೆಯದೇ ಆದ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳ ನ್ಯೂರಾಲಜಿಗೆ ಕಳಿಸಿ. ಅಲ್ಲಿ ವಾರಕ್ಕೊಂದು ದಿನ ಇವರಿಗೇ ಮೀಸಲಿದ್ದರೆ ಸಾಕು.

ಇನ್ನೊಂದು ಮಾತು. ಬಂಬೈ ಹಿಂದಿಯಲ್ಲಿ ಗಿರಾಕಿ ಸಂಭಾಳಿಸಿದ ಕನ್ನಡದವರಿಗೆ ಮರಾಠಿಯಲ್ಲಿ ನೆನಪಿನ ಪರೀಕ್ಷೆ ಕೊಟ್ಟರೆ ಅಂಕ ಸುಮ್ನೆ ಬಿದ್ದುಹೋಗುತ್ತದೆ, ಅಲ್ವಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆ ಕನ್ನಡದಲ್ಲೂ ಇದೆ. ಅದನ್ನು ತರಿಸಿ. ನಡೆಸುವವರಿಗೆ ತರಬೇತಿ ಕೊಡುವುದಾದರೆ, ಕನ್ನಡ ಬಲ್ಲವರನ್ನು ಇಲ್ಲಿನ ಸಂಘಗಳಿಂದ ನಾವೇ ಹುಡುಕಿಕೊಡುತ್ತೇವೆ.

ಇಂತಿ,
ವಡಾಲಾದ ಒಬ್ಬ ಕನ್ನಡಿಗ