ಎಕ್ಸಾಸ್ಟ್ ಫ್ಯಾನಿನ ಪಟ್ಟಿಗಳು ಮುಚ್ಚುತ್ತಿಲ್ಲ, ಬದಲಿಸಿಕೊಡಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನಿನ ಮೂಲಕ ತಣ್ಣನೆಯ ಗಾಳಿ ಒಳನುಗ್ಗುತ್ತಿರುವ ಬಗ್ಗೆ

ಮಾನ್ಯರೇ,

ಕಳೆದ ಅಕ್ಟೋಬರ್‌ನಲ್ಲಿ ನಿಮ್ಮ ಬಳ್ಳಾರಿ ಮಳಿಗೆಯಲ್ಲಿ ಎಂಟು ಇಂಚಿನ ಎಕ್ಸಾಸ್ಟ್ ಫ್ಯಾನ್ ಕೊಂಡೆ. ಗೋಡೆಗೆ ಕೂರಿಸಿದವರೂ ನಿಮ್ಮವರೇ. ಫ್ಯಾನ್ ತಿರುಗುತ್ತದೆ, ಹಬೆಯನ್ನು ಎಳೆಯುತ್ತದೆ. ನನ್ನ ತಕರಾರು ಅದು ನಿಂತ ಮೇಲಿನದು.

ಹೊರಮುಖದಲ್ಲಿರುವ ಐದು ಪ್ಲಾಸ್ಟಿಕ್ ಪಟ್ಟಿಗಳು ಫ್ಯಾನ್ ತಿರುಗುವಾಗ ಗಾಳಿಯ ಒತ್ತಡಕ್ಕೆ ಮೇಲೆದ್ದು, ನಿಂತೊಡನೆ ತಮ್ಮ ಭಾರಕ್ಕೆ ತಾವೇ ಬಿದ್ದು ಕಿಂಡಿಯನ್ನು ಮುಚ್ಚಬೇಕು. ನಮ್ಮಲ್ಲಿ ಕೆಳಗಿನ ಎರಡು ಮಾತ್ರ ಬೀಳುತ್ತವೆ, ಮೇಲಿನ ಮೂರು ಅರ್ಧಕ್ಕೇ ನಿಲ್ಲುತ್ತವೆ. ಏಣಿ ಹತ್ತಿ ನೋಡಿದೆ. ಉಬ್ಬುತಗ್ಗಿನ ಗೋಡೆಗೆ ಸ್ಕ್ರೂ ಬಿಗಿದ ರಭಸಕ್ಕೆ ಚೌಕಟ್ಟೇ ಸೊಟ್ಟಗಾಗಿ ಪಟ್ಟಿಗಳು ಸಿಕ್ಕಿಕೊಂಡಿವೆ. ಗೋಡೆಗೂ ಚೌಕಟ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು ಬೇರೆ. ಫ್ಯಾನ್ ಆರಿಸಿ ಊದುಬತ್ತಿ ಹಿಡಿದೆ: ಹೊಗೆ ಮೇಲೇಳುವ ಬದಲು ಅಡ್ಡಕ್ಕೆ ಬಾಗಿ ನೇರವಾಗಿ ನನ್ನ ಮುಖಕ್ಕೇ ಬಂತು.

ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮೊಮ್ಮಗನಿಗೆ ಈಗ ಐವತ್ತು ದಿನ. ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹಾಕುವಷ್ಟು ಹೊತ್ತು ಕೂಸು ಕಣ್ಣು ಮುಚ್ಚಿ ಹಾಯಾಗಿರುತ್ತದೆ. ತಂಬಿಗೆ ಕೆಳಗಿಟ್ಟ ಕ್ಷಣ ಒದ್ದೆ ಮೈಗೆ ಆ ಗಾಳಿ ಬಡಿಯುತ್ತದೆ, ಮುಷ್ಟಿ ಬಿಗಿಹಿಡಿದು, ಗಲ್ಲ ನಡುಗಿಸುತ್ತಾ ಚೀರುತ್ತದೆ. ಟವೆಲ್ ಸುತ್ತಿ ಎದೆಗೆ ಅವಚಿಕೊಂಡು ಓಡುವುದೇ ನನ್ನ ದಿನನಿತ್ಯದ ಕೆಲಸವಾಗಿದೆ.

ಎರಡು ಸಲ ದೂರು ಕೊಟ್ಟ ಮೇಲೆ ಬಂದ ನಿಮ್ಮ ಹುಡುಗ ನೆಲದ ಮೇಲೆ ನಿಂತೇ ನೋಡಿ, ‘ಬಳ್ಳಾರಿಯಲ್ಲಿ ಎಲ್ಲಿಯ ಚಳಿ ಅಮ್ಮಾ? ಒಂದು ರಟ್ಟು ಅಂಟಿಸಿಬಿಡಿ’ ಎಂದು ಹೇಳಿ ಹೋದ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ನಿಜ. ಆದರೆ ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಮೂಡಣ ಗಾಳಿ ಬೀಸುತ್ತದೆ. ನಮ್ಮ ಸ್ನಾನದ ಮನೆಯ ಆ ಗೋಡೆ ಇರುವುದೂ ಮೂಡಣಕ್ಕೇ.

ರಟ್ಟು ಅಂಟಿಸಿದರೆ ಹಬೆ ಹೋಗುವುದೆಲ್ಲಿಗೆ? ಸೂರಿಗೆ ಬೂಷ್ಟು ಹಿಡಿಯುತ್ತದೆ. ನಮ್ಮದು ಕರೆಂಟಿನ ಗೀಸರ್. ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇಟ್ಟುಕೊಂಡವರಿಗೂ ಆತ ಇದೇ ಸಲಹೆ ಕೊಟ್ಟರೆ? ಕಿಂಡಿ ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಒಳಗಿದ್ದವರ ಜೀವವೇ ಹೋಗುತ್ತದೆ. ನನ್ನ ಫ್ಯಾನಿನ ಮಾತು ಆಮೇಲಿರಲಿ, ನಿಮ್ಮ ಕೆಲಸಗಾರರಿಗೆ ಮೊದಲು ಇದನ್ನು ತಿಳಿಸಿ.

ಸೊಟ್ಟಗಾದ ಚೌಕಟ್ಟನ್ನು ಪಟ್ಟಿಗಳ ಸಮೇತ ಬದಲಿಸಿ, ಗೋಡೆಯನ್ನು ಸಮ ಮಾಡಿ ಕೂರಿಸಿ, ಸುತ್ತಲಿನ ಸಂದಿಗೆ ಸಿಮೆಂಟ್ ತುಂಬಿಸಿಕೊಡಿ. ಕೆಲಸ ಮುಗಿದ ಮೇಲೆ ನನ್ನೆದುರೇ ಊದುಬತ್ತಿ ಹಿಡಿದು ತೋರಿಸಬೇಕು. ವಾರಂಟಿ ಇನ್ನೂ ಇರುವುದರಿಂದ ಇದಕ್ಕೆ ನಾನು ಹಣ ಕೊಡುವುದಿಲ್ಲ. ಏಳು ದಿನದೊಳಗೆ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಅಲ್ಲಿಗೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಲ್ಲಿಸುತ್ತೇನೆ.

ರಸೀದಿಯ ಪ್ರತಿ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇನೆ. ಬರುವವರು ಏಣಿ ತರಲಿ, ಬೆಳಿಗ್ಗೆ ಹತ್ತರ ನಂತರ ಬರಲಿ. ಅದಕ್ಕೂ ಮೊದಲು ಕೂಸಿನ ಸ್ನಾನವಿರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ,
ಬಳ್ಳಾರಿ