ಬರ್ಗೆನ್‌ನ ಇಬ್ಬರು ಗೆಳೆಯರ ಬಗ್ಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಜೊತೆಗೆ ಹಾಡುವವನಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿದೆ, ಇನ್ನು ನಮ್ಮ ಬ್ಯಾಂಡ್ ಮುಗಿದ ಹಾಗೇ ಅಂತ ಬರೆದಿದ್ದೀಯ. ಅಷ್ಟು ಬೇಗ ಕೈ ಚೆಲ್ಲಬೇಡ ಮಾರಾಯ. ನಾನು ತುಂಬಾ ವರ್ಷಗಳಿಂದ ಕೇಳುತ್ತಿರುವ ಒಂದು ಬ್ಯಾಂಡ್ ಇದೆ, ಕಿಂಗ್ಸ್ ಆಫ್ ಕನ್ವೀನಿಯೆನ್ಸ್. ನಾರ್ವೆಯವರು. ಇಬ್ಬರೇ ಇಬ್ಬರು. ಒಬ್ಬ ಹುಟ್ಟಿದೂರಲ್ಲೇ ಉಳಿದ, ಇನ್ನೊಬ್ಬ ದೇಶದಿಂದ ದೇಶಕ್ಕೆ ಅಲೆಯುತ್ತಲೇ ಇದ್ದ. ಆದರೂ ಆ ಎರಡು ದನಿಗಳು ಬೇರೆಯಾಗಲಿಲ್ಲ. ಅವರ ಕಥೆಯನ್ನು ನಿನಗೆ ಹೇಳಲೇಬೇಕು ಅನ್ನಿಸಿತು.

ಎರ್ಲೆಂಡ್ ಓಯೆ ಮತ್ತು ಐರಿಕ್ ಬೋಯೆ. ಇಬ್ಬರೂ 1975ರಲ್ಲಿ ಹುಟ್ಟಿದವರು, ಬರ್ಗೆನ್‌ನವರು. ಬರ್ಗೆನ್ ನಾರ್ವೆಯ ಪಶ್ಚಿಮ ಕರಾವಳಿಯ ಊರು. ಸುತ್ತ ಬೆಟ್ಟ, ಎದುರಿಗೆ ಸಮುದ್ರ. ವರ್ಷದಲ್ಲಿ ಇನ್ನೂರಕ್ಕೂ ಜಾಸ್ತಿ ದಿನ ಮಳೆ. ಇಬ್ಬರಿಗೂ ಪರಿಚಯ ಆಗಿದ್ದು ಹುಡುಗರಾಗಿದ್ದಾಗ, ಸಂಗೀತದಿಂದಲ್ಲ, ಶಾಲಾ ಮಕ್ಕಳ ಭೂಗೋಳ ಸ್ಪರ್ಧೆಯಲ್ಲಿ! ಆಮೇಲೆ ಹದಿನಾರರ ವಯಸ್ಸಿಗೆ ಇನ್ನಿಬ್ಬರು ಗೆಳೆಯರನ್ನು ಸೇರಿಸಿಕೊಂಡು ‘ಸ್ಕೂಗ್’ ಅಂತ ಒಂದು ಬ್ಯಾಂಡ್ ಕಟ್ಟಿದರು. ಅದು ಒಂದು ಚಿಕ್ಕ ರೆಕಾರ್ಡ್ ತಂದು ಅಲ್ಲಿಗೇ ನಿಂತಿತು. ನಾಲ್ವರಲ್ಲಿ ಉಳಿದವರು ಇಬ್ಬರು. ಕೈಯಲ್ಲಿ ಉಳಿದದ್ದು ಎರಡು ಅಕೂಸ್ಟಿಕ್ ಗಿಟಾರು.

ಅವರ ಹೆಸರು ಹೊರಗೆ ಗೊತ್ತಾಗಿದ್ದು 2001ರಲ್ಲಿ ಬಂದ ‘ಕ್ವಯಟ್ ಈಸ್ ದ ನ್ಯೂ ಲೌಡ್’ ಆಲ್ಬಂನಿಂದ. ರೆಕಾರ್ಡ್ ಮಾಡಿದ್ದು ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ, ನಿರ್ಮಾಪಕ ಕೆನ್ ನೆಲ್ಸನ್ ಜೊತೆ. ಕೋಲ್ಡ್‌ಪ್ಲೇ ಬ್ಯಾಂಡಿನ ಮೊದಲ ಆಲ್ಬಂನಲ್ಲೂ ಇದೇ ನೆಲ್ಸನ್ ಇದ್ದರು. ಆಗ ಬ್ರಿಟನ್ನಿನಲ್ಲಿ ಮೆಲ್ಲಗೆ ಹಾಡುವ ಹುಡುಗರ ಒಂದು ಅಲೆಯೇ ಎದ್ದಿತ್ತು. ಪತ್ರಿಕೆಗಳು ಅದಕ್ಕೆ ಹೆಸರು ಇಟ್ಟು, ಈ ಆಲ್ಬಂನ ಹೆಸರನ್ನೇ ಘೋಷಣೆಯ ಹಾಗೆ ಬಳಸಿದವು. ಆ ಅಲೆಯ ಎಷ್ಟೋ ಜನರನ್ನು ಈಗ ಯಾರೂ ಕೇಳುವುದಿಲ್ಲ. ಇವರನ್ನು ಕೇಳುತ್ತಾರೆ. ಯಾಕೆ ಅಂತ ನಾನು ಬಹಳ ಸಲ ಯೋಚಿಸಿದ್ದೇನೆ.

ನನಗೆ ಕಂಡ ಕಾರಣ ಗಿಟಾರಿನಲ್ಲೇ ಇದೆ. ಐರಿಕ್ ನುಡಿಸುವುದು ನೈಲಾನ್ ತಂತಿಯ ಗಿಟಾರು. ನಾದ ದುಂಡಗೆ, ಮೆತ್ತಗೆ ಇರುತ್ತದೆ. ಬ್ರೆಜಿಲ್‌ನ ಬೋಸಾ ನೋವಾ ಅನ್ನುವ ಮೆಲುದನಿಯ ಸಂಗೀತದ ನೆರಳು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಎರ್ಲೆಂಡ್‌ದು ಸ್ಟೀಲ್ ತಂತಿ. ಸ್ವಲ್ಪ ಚುರುಕು, ಸ್ವಲ್ಪ ಮಿಂಚು. ಇಬ್ಬರೂ ಒಂದೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿದು ಒಟ್ಟಿಗೆ ಬಾರಿಸುವುದು ಕಮ್ಮಿ. ಒಬ್ಬನ ಬೆರಳು ಬಿಟ್ಟ ಜಾಗದಲ್ಲಿ ಇನ್ನೊಬ್ಬನ ಸ್ವರ ಬಂದು ಕೂರುತ್ತದೆ, ಜಡೆ ಹೆಣೆದ ಹಾಗೆ. ಹೆಡ್‌ಫೋನ್ ಹಾಕಿಕೊಂಡು ‘ಕೇಮನ್ ಐಲ್ಯಾಂಡ್ಸ್’ ಕೇಳು. ಎಡಗೈ ಬೆರಳು ತಂತಿಯ ಮೇಲೆ ಜಾರುವ ಸದ್ದು ಕೂಡ ಕೇಳುತ್ತದೆ. ಅದನ್ನು ಅಳಿಸಿಹಾಕಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ. ದನಿಯೂ ಹಾಗೇ. ಇಬ್ಬರ ದನಿ ಎಷ್ಟು ಹತ್ತಿರ ಅಂದರೆ, ಕೆಲವು ಕಡೆ ಮೇಲಿನ ದನಿ ಯಾರದು, ಕೆಳಗಿನದು ಯಾರದು ಅಂತ ನನಗೆ ಈಗಲೂ ತಿಳಿಯುವುದಿಲ್ಲ. ಮೈಕಿಗೆ ಬಾಯಿಟ್ಟು ಕೂಗಿದ್ದರೆ ಇದು ಆಗುತ್ತಿತ್ತಾ? ಮೆತ್ತಗೆ ಹಾಡಿದಾಗ ಮಾತ್ರ ಎರಡು ದನಿ ಹೀಗೆ ಕರಗಿ ಸೇರುತ್ತವೆ.

ಈಗ ನಿನ್ನ ವಿಷಯಕ್ಕೆ ಹತ್ತಿರದ್ದು ಹೇಳುತ್ತೇನೆ. ಮೊದಲ ಆಲ್ಬಂ ಗೆದ್ದಿತು ಅಂದ ಮೇಲೆ ಏನು ಮಾಡಬೇಕು? ಬಿಸಿ ಆರುವ ಮೊದಲೇ ಇನ್ನೊಂದು ತರಬೇಕು, ಊರೂರು ಸುತ್ತಬೇಕು, ಅಲ್ವಾ? ಐರಿಕ್‌ಗೆ ಅದು ಬೇಡವಾಗಿತ್ತು. ಅವನು ಬರ್ಗೆನ್‌ನಲ್ಲೇ ಉಳಿದ, ಮನಃಶಾಸ್ತ್ರ ಓದಿದ. ಎರ್ಲೆಂಡ್‌ಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ರೊಯ್ಕ್ಸೊಪ್ ಅನ್ನುವ ಇನ್ನೊಂದು ನಾರ್ವೆ ಜೋಡಿ ಆಗ ಬರ್ಗೆನ್‌ನಲ್ಲೇ ಇತ್ತು. ಅವರದು ಎಲೆಕ್ಟ್ರಾನಿಕ್ ಸಂಗೀತ. ಅವರ 2001ರ ಆಲ್ಬಂನಲ್ಲಿ ‘ಪೂರ್ ಲೆನೋ’, ‘ರಿಮೈಂಡ್ ಮಿ’ ಹಾಡಿದ್ದು ಎರ್ಲೆಂಡೇ. ‘ರಿಮೈಂಡ್ ಮಿ’ ವಿಡಿಯೋ ನೋಡಿದ್ದೀಯಾ? ಒಬ್ಬ ಹೆಂಗಸಿನ ಇಡೀ ದಿನವನ್ನು ಬರೀ ನಕ್ಷೆ, ಚಾರ್ಟುಗಳಲ್ಲಿ ತೋರಿಸುತ್ತಾರಲ್ಲ, ಅದು. ಆಮೇಲೆ 2003ರಲ್ಲಿ ಎರ್ಲೆಂಡ್ ಒಬ್ಬನೇ ‘ಅನ್‌ರೆಸ್ಟ್’ ಅಂತ ಆಲ್ಬಂ ಮಾಡಿದ. ಹತ್ತು ಹಾಡು, ಹತ್ತು ಊರು, ಹತ್ತು ಬೇರೆ ಬೇರೆ ನಿರ್ಮಾಪಕರು. ಅಲ್ಲಿ ಅಕೂಸ್ಟಿಕ್ ಗಿಟಾರಿನ ಸುಳಿವೇ ಕಮ್ಮಿ, ಕುಣಿಸುವ ಬೀಟ್ ಜಾಸ್ತಿ.

ಹೊರಗಿನಿಂದ ನೋಡಿದವರಿಗೆ ಕಥೆ ಮುಗಿಯಿತು ಅಂತಲೇ ಅನ್ನಿಸಿರಬೇಕು. ಒಬ್ಬ ಓದಿಗೆ ಕೂತ, ಇನ್ನೊಬ್ಬ ಡಾನ್ಸ್ ಸಂಗೀತಕ್ಕೆ ಹೋದ. ಆದರೆ 2004ರಲ್ಲಿ ‘ರಯಟ್ ಆನ್ ಆ್ಯನ್ ಎಂಪ್ಟಿ ಸ್ಟ್ರೀಟ್’ ಬಂತು. ನನಗೆ ಇವರ ಎಲ್ಲ ಆಲ್ಬಂಗಳಲ್ಲಿ ಇದೇ ಹೆಚ್ಚು ಇಷ್ಟ. ಯಾಕೆಂದರೆ ಇಬ್ಬರೂ ದೂರ ಇದ್ದಾಗ ಕೂಡಿಸಿಕೊಂಡದ್ದೆಲ್ಲ ಇದರಲ್ಲಿ ಬಂದಿದೆ. ಮೊದಲ ಹಾಡು ‘ಹೋಮ್‌ಸಿಕ್’. ಕೆಲಸದ ಜಾಗದಲ್ಲಿ ಕೂತು ಎರಡು ಮೆಲುದನಿಗಳ ಹಾಡು ಕೇಳುತ್ತಾ ಮೈಮರೆತವನೊಬ್ಬ. ವ್ಯಾಪಾರ ಕೈತಪ್ಪುತ್ತದೆ, ಬಾಸ್‌ಗೆ ಸಿಟ್ಟು ಬರುತ್ತದೆ ಅಂತ ಗೊತ್ತಿದ್ದರೂ ಹಾಡು ನಿಲ್ಲಿಸಲು ಅವನಿಗೆ ಮನಸ್ಸಿಲ್ಲ. ಎರಡು ಗಿಟಾರು ಬಿಟ್ಟರೆ ಅಲ್ಲಿ ಮತ್ತೇನೂ ಬೇಕಾಗಿಲ್ಲ. ಅದೇ ಆಲ್ಬಂನಲ್ಲಿ ‘ಐಡ್ ರಾದರ್ ಡಾನ್ಸ್ ವಿತ್ ಯೂ’ ಕೂಡ ಇದೆ. ಮಾತು ಸಾಕು, ಕುಣಿಯೋಣ ಬಾ ಅನ್ನುವ ಹಾಡು. ಅದರ ವಿಡಿಯೋದಲ್ಲಿ ದೊಡ್ಡ ಕನ್ನಡಕದ, ಕಡ್ಡಿಯ ಹಾಗಿರುವ ಎರ್ಲೆಂಡ್ ಪುಟ್ಟ ಹುಡುಗಿಯರ ಬ್ಯಾಲೆ ಕ್ಲಾಸಿಗೆ ಮೇಷ್ಟ್ರು. ಮಕ್ಕಳು ಅವನನ್ನು ನೋಡಿ ನೋಡಿ ಕುಣಿಯುವುದು ಎಷ್ಟು ಚೆಂದ! ಆ ಹಾಡಿನ ಬೀಟು ಅವನು ಊರು ಬಿಟ್ಟು ಅಲೆದದ್ದರಿಂದಲೇ ಬಂದದ್ದು ಅಂತ ನನಗೆ ಅನ್ನಿಸುತ್ತದೆ. ಕೆನಡಾದ ಗಾಯಕಿ ಫೈಸ್ಟ್ ಇನ್ನೂ ಅಷ್ಟು ಹೆಸರು ಮಾಡಿರಲಿಲ್ಲ. ಆಕೆಯೂ ‘ನೋ-ಹೌ’ ಮತ್ತು ‘ದ ಬಿಲ್ಡ್-ಅಪ್’ ಹಾಡುಗಳಲ್ಲಿ ದನಿ ಸೇರಿಸಿದ್ದಾಳೆ. ‘ನೋ-ಹೌ’ ಹಾಡಿನಲ್ಲಿ ಆಕೆ ಬರುವ ಜಾಗ ಕೇಳು. ಅಲ್ಲಿಯ ತನಕ ಇಬ್ಬರೇ ಮಾತಾಡಿಕೊಳ್ಳುತ್ತಿದ್ದ ಕೋಣೆಗೆ ಹೊಸ ಗಾಳಿ ಬಂದಂತಿದೆ.

ಮತ್ತೆ ಐದು ವರ್ಷ ಸುಮ್ಮನಾದರು. ಎರ್ಲೆಂಡ್ ಬರ್ಲಿನ್‌ನಲ್ಲಿ ‘ದ ವೈಟೆಸ್ಟ್ ಬಾಯ್ ಅಲೈವ್’ ಅನ್ನುವ ಬ್ಯಾಂಡನ್ನು 2003ರಲ್ಲೇ ಕಟ್ಟಿದ್ದ. ಅದರಲ್ಲಿ ಡ್ರಮ್ಸ್, ಬೇಸ್ ಎಲ್ಲಾ ಇದ್ದವು. 2006ರಲ್ಲಿ ಒಂದು, 2009ರಲ್ಲಿ ಒಂದು ಆಲ್ಬಂ ತಂದರು. ಅದೇ 2009ರಲ್ಲಿ ಕಿಂಗ್ಸ್‌ದೂ ಬಂತು, ‘ಡಿಕ್ಲರೇಷನ್ ಆಫ್ ಡಿಪೆಂಡೆನ್ಸ್’. ಇದರಲ್ಲಿ ಡ್ರಮ್ಸೇ ಇಲ್ಲ! ತಾಳವೆಲ್ಲ ಗಿಟಾರಿನಿಂದಲೇ ಬರಬೇಕು. ಅಲ್ಲಲ್ಲಿ ಒಂದು ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ), ಒಂದು ಬೇಸ್, ಅಷ್ಟೇ. ‘ಬೋಟ್ ಬಿಹೈಂಡ್’ ಹಾಡಿನಲ್ಲಿ ಆ ವಯೋಲಾ ಗಿಟಾರಿನ ಬೆನ್ನು ಹತ್ತಿ ಬರುವುದನ್ನು ಕೇಳಿದರೆ ಡ್ರಮ್ಸ್ ಇಲ್ಲ ಅನ್ನುವುದೇ ಮರೆತುಹೋಗುತ್ತದೆ. ಕಾರ್ಯಕ್ರಮಗಳಲ್ಲೂ ಇದೇ ರೀತಿ. ಚಪ್ಪಾಳೆಯ ಬದಲು ಬೆರಳಿಂದ ಚಿಟಿಕೆ ಹೊಡೆಯಿರಿ ಅಂತ ಜನರಿಗೆ ಹೇಳುತ್ತಾರೆ. ತುತ್ತೂರಿಯ ಭಾಗ ಬಂದರೆ ಎರ್ಲೆಂಡ್ ಬಾಯಲ್ಲೇ ನುಡಿಸುತ್ತಾನೆ. ಯೂಟ್ಯೂಬಿನಲ್ಲಿ ಇಂಥವು ಬೇಕಾದಷ್ಟು ಸಿಗುತ್ತವೆ, ನೋಡು.

ಆಮೇಲಿನದು ದೊಡ್ಡ ಅಂತರ. ಹನ್ನೆರಡು ವರ್ಷ. ಎರ್ಲೆಂಡ್ ಇಟಲಿಗೆ ಹೋದ. ಸಿಸಿಲಿ ದ್ವೀಪದ ಸಿರಾಕುಸ ಊರಲ್ಲಿ ಮನೆ ಮಾಡಿದ, ಅಮ್ಮನನ್ನೂ ಕರೆದುಕೊಂಡು ಹೋದ. ಇಟಾಲಿಯನ್ ಭಾಷೆಯಲ್ಲೇ ಹಾಡು ಕಟ್ಟಿದ. ಐಸ್‌ಲ್ಯಾಂಡಿನ ರೆಗೆ (ಜಮೈಕಾದಲ್ಲಿ ಹುಟ್ಟಿದ ಸಂಗೀತ) ಬ್ಯಾಂಡ್ ಒಂದರ ಜೊತೆ ಸೇರಿ 2014ರಲ್ಲಿ ಒಂದು ಆಲ್ಬಂ ಮಾಡಿದ. ಅದೇ ವರ್ಷ ಬರ್ಲಿನ್ ಬ್ಯಾಂಡು ನಿಂತಿತು. ಐರಿಕ್ ಸುಮ್ನೆ ಕೂತಿರಲಿಲ್ಲ. 2017ರಲ್ಲಿ ಅವನೂ ‘ಕೊಮೋಡ’ ಅನ್ನುವ ಬೇರೆ ಬ್ಯಾಂಡಿನಿಂದ ಆಲ್ಬಂ ತಂದ. ಈ ನಡುವೆ ಇಬ್ಬರೂ ಸೇರಿ ಆಗಾಗ ವೇದಿಕೆ ಹತ್ತುತ್ತಲೂ ಇದ್ದರು. ಹೊಸ ಆಲ್ಬಂ ಮಾತ್ರ ಇಲ್ಲ.

‘ಪೀಸ್ ಆರ್ ಲವ್’ ಬಂದದ್ದು 2021ರ ಜೂನ್‌ನಲ್ಲಿ. ಐದು ವರ್ಷ ಹಿಡಿಯಿತು, ಐದು ಊರುಗಳಲ್ಲಿ ರೆಕಾರ್ಡ್ ಆಯಿತು. ಒಂದೇ ಊರಲ್ಲಿ ಇಲ್ಲದ ಇಬ್ಬರು ಮಾಡಬಹುದಾದದ್ದು ಅದನ್ನೇ. ಎಲ್ಲಿ ಸಿಕ್ಕರೆ ಅಲ್ಲಿ ಕೂತು ಹಾಡಿದರು. ಮನಸ್ಸಿಗೆ ಬರದಿದ್ದರೆ ಮತ್ತೆ ಇನ್ನೊಂದು ಊರಲ್ಲಿ ಹಾಡಿದರು. ಫೈಸ್ಟ್ ಇದರಲ್ಲೂ ಇದ್ದಾಳೆ, ಎರಡು ಹಾಡಿನಲ್ಲಿ. ದನಿಗೆ ವಯಸ್ಸು ತಾಗಿದೆ. ಇಪ್ಪತ್ತೈದರ ಹುಡುಗರ ದನಿ ಅಲ್ಲ ಅದು. ಆದರೆ ಇಬ್ಬರ ದನಿ ಸೇರುವ ಜಾಗ ಹಾಗೇ ಇದೆ. ಎಲ್ಲೂ ಒಬ್ಬ ಇನ್ನೊಬ್ಬನನ್ನು ತಳ್ಳುವುದಿಲ್ಲ.

ಇಪ್ಪತ್ತು ವರ್ಷದಲ್ಲಿ ದೊಡ್ಡ ಆಲ್ಬಂ ನಾಲ್ಕೇ ನಾಲ್ಕು. ಇಷ್ಟಕ್ಕೇ ಕರಿಯರ್ ಅಂತಾರಾ ಅಂತ ಯಾರಾದರೂ ಕೇಳಬಹುದು. ನನಗೆ ಮಾತ್ರ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ ಅನ್ನಿಸುತ್ತದೆ. ಎಲ್ಲಿಯಾದರೂ ಕಂಪನಿ ಹೇಳಿತು ಅಂತ ಇನ್ನೊಂದು ಮಾಡಿದ ಹಾಗೆ ಕಾಣುವುದಿಲ್ಲ. ಐರಿಕ್ ಊರು ಬಿಡಲಿಲ್ಲ ಅಂತ ಎರ್ಲೆಂಡ್ ಕಾಯುತ್ತಾ ಕೂರಲಿಲ್ಲ. ಎರ್ಲೆಂಡ್ ನಿಲ್ಲಲಿಲ್ಲ ಅಂತ ಐರಿಕ್ ಬೇರೆ ದನಿ ಹುಡುಕಿ ಆ ಹೆಸರಿನಲ್ಲಿ ಹಾಡಿಸಲೂ ಇಲ್ಲ. ಬ್ಯಾಂಡಿನ ಜಾಗ ಖಾಲಿ ಇತ್ತು, ಅದನ್ನು ಖಾಲಿಯೇ ಇಟ್ಟುಕೊಂಡರು. ನಿನ್ನ ಗೆಳೆಯ ಕೆಲಸಕ್ಕೆ ಹೋಗಲಿ. ಕೋಪ ಮಾಡಿಕೊಳ್ಳಬೇಡ. ನೀನು ಬೇಕಾದರೆ ಒಬ್ಬನೇ ಏನಾದರೂ ಮಾಡು, ಬೇರೆಯವರ ಜೊತೆ ಬಾರಿಸು. ಬ್ಯಾಂಡಿನ ಹೆಸರನ್ನು ಮಾತ್ರ ಅಳಿಸಬೇಡ.

ಕೇಳಲು ಶುರು ಮಾಡುವುದಾದರೆ 2004ರ ಆಲ್ಬಂನಿಂದ ಮಾಡು. ಮೊದಲಿನಿಂದ ಕೊನೆ ತನಕ, ಹಾಡು ಹಾರಿಸದೆ. ಆಮೇಲೆ 2001ರದು. ಡ್ರಮ್ಸ್ ಇಲ್ಲದ್ದನ್ನು ಮೂರನೆಯದಾಗಿ ಕೇಳು, ಕಿವಿ ಅಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ‘ಪೀಸ್ ಆರ್ ಲವ್’ ಕೊನೆಗೆ. ‘ರಾಕಿ ಟ್ರೇಲ್’ ಹಾಡಿನ ಗಿಟಾರು ನಿನಗೆ ಕೂಡಲೇ ಹಿಡಿಸುತ್ತದೆ ಅಂತ ನನಗೆ ಗೊತ್ತು. ಅದನ್ನು ನುಡಿಸಲು ಕಲಿತರೆ ಎರಡನೇ ಗಿಟಾರಿನ ಭಾಗ ಅವನಿಗೆ ಕಳಿಸು.

ಇಂತಿ,
ನಿನ್ನ ಗೆಳೆಯ