ಕೊಕ್ಕರೆ ಬೆಳ್ಳೂರಿಗೆ ಹೊರಟಿರುವ ಸಿಂಚುಗೆ

ಪ್ರೀತಿಯ ಸಿಂಚು,

ನಿನ್ನ ಉದ್ದನೆಯ ಮೆಸೇಜ್ ಓದಿದೆ. ಈ ಸಲ ಶನಿವಾರ, ಭಾನುವಾರ ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಹಕ್ಕಿಗಳ ಕೆಲಸಕ್ಕೆ ಕೈಜೋಡಿಸಬೇಕು ಅಂತಿದ್ದೀಯ, ಚಿಕ್ಕಮ್ಮ ಏನಂತೀರಿ ಅಂತ ಕೇಳಿದ್ದೀಯ. ಧಾರಾಳವಾಗಿ ಹೋಗು. ಆದರೆ ಅಷ್ಟು ಹೇಳಿ ಸುಮ್ಮನಾಗುವವಳು ನಾನಲ್ಲ, ನಿನಗೇ ಗೊತ್ತು. ಸ್ಕೂಲಿನಿಂದ ರಿಟೈರ್ ಆದೆ, ಪಾಠ ಮಾಡುವ ಚಟ ಬಿಟ್ಟಿಲ್ಲ. ಕಾಫಿ ಮಾಡಿಕೊಂಡು ಕೂತು ಓದು.

ನೀನು ಚಿಕ್ಕವಳಿದ್ದಾಗ ರಂಗನತಿಟ್ಟಿಗೆ ಹೋಗಿದ್ದು ನೆನಪಿದೆ ಅಂತ ಬರೆದಿದ್ದೀಯ. ಬೆಳ್ಳೂರು ಹಾಗಿಲ್ಲ ಕಣೇ. ರಂಗನತಿಟ್ಟು ಪಕ್ಷಿತಜ್ಞ ಸಲೀಂ ಅಲಿಯವರು ಹೇಳಿದ ಮೇಲೆ 1940ರಲ್ಲೇ ಪಕ್ಷಿಧಾಮ ಆಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಟಿಕೆಟ್ ಇದೆ, ದೋಣಿ ಇದೆ, ಹಕ್ಕಿ ಇರುವ ನಡುಗಡ್ಡೆಗೂ ನಮಗೂ ನಡುವೆ ಕಾವೇರಿ ಇದೆ, ನೀರಲ್ಲಿ ಮೊಸಳೆಯೂ ಇದೆ. ಹಾಗಾಗಿ ಯಾರೂ ಜಾಸ್ತಿ ಹತ್ತಿರ ಹೋಗಲ್ಲ. ಬೆಳ್ಳೂರಲ್ಲಿ ಇದ್ಯಾವುದೂ ಇಲ್ಲ. ಅದೊಂದು ಊರು, ಅಷ್ಟೇ. ಮನೆ, ಕೊಟ್ಟಿಗೆ, ಹುಲ್ಲಿನ ಬಣವೆ, ಬಟ್ಟೆ ಒಣಹಾಕಿರುವ ಹಗ್ಗ, ಅದರ ಮೇಲೆ ಹುಣಸೆಮರ, ಮರದ ತುಂಬ ಹೆಜ್ಜಾರ್ಲೆ, ಅಂದರೆ ಪೆಲಿಕನ್, ಮತ್ತು ಬಣ್ಣದ ಕೊಕ್ಕರೆ. ಹಕ್ಕಿಗಳು ಮನೆ ಹಿತ್ತಲಲ್ಲೇ ಸಂಸಾರ ಮಾಡುತ್ತವೆ. ಹಾಗಾಗಿ ನೀನು ಪಕ್ಷಿಧಾಮಕ್ಕೆ ಹೋಗುತ್ತಿಲ್ಲ, ಯಾರದೋ ಹಿತ್ತಲಿಗೆ ಹೋಗುತ್ತಿದ್ದೀಯ. ನನ್ನ ಮಿಕ್ಕ ಮಾತೆಲ್ಲ ಇದರಿಂದಲೇ ಹುಟ್ಟಿದ್ದು.

ಆ ಮರಗಳಿಗೆ ಮಾಲೀಕರಿದ್ದಾರೆ. ಹುಣಸೆಹಣ್ಣು ಕೊಯ್ಯುವ ಕಾಲ ಯಾವಾಗ ಹೇಳು? ಫೆಬ್ರವರಿ, ಮಾರ್ಚ್. ಗೂಡಿನಲ್ಲಿ ಮರಿಗಳು ಬಾಯಿಬಿಟ್ಟು ಕೂತಿರುವುದೂ ಆಗಲೇ. ಮರ ಹತ್ತಿ ಕೊಂಬೆ ಬಡಿದರೆ ಹಕ್ಕಿಗಳು ಗಾಬರಿಯಾಗಿ ಏಳುತ್ತವೆ, ಮೊಟ್ಟೆ ಮರಿ ಬೀಳುತ್ತವೆ. ಅದಕ್ಕೆ ಗೂಡಿರುವ ಮರದ ಹಣ್ಣನ್ನು ಜನ ಬಿಟ್ಟುಬಿಡುತ್ತಾರೆ. ಹುಣಸೆಹಣ್ಣು ಬಿಡುವುದು ಅಂದರೆ ಸಣ್ಣ ರೈತನಿಗೆ ಸಣ್ಣ ಮಾತಲ್ಲ. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ, ನಿಜ. 1976ರಲ್ಲಿ ಎಸ್.ಜಿ. ನೇಗಿನಹಾಳ್ ಅನ್ನುವ ಅರಣ್ಯಾಧಿಕಾರಿ ಈ ಊರಿನ ಹಕ್ಕಿಗಳನ್ನು ಲೆಕ್ಕ ಹಾಕಿ ಹೊರಗಿನವರಿಗೆ ತಿಳಿಸಿದ ಮೇಲೆ ಇಂಥ ಏರ್ಪಾಡುಗಳು ಶುರುವಾದವು. ಆಮೇಲೆ ಬೆಂಗಳೂರಿನ ರಸ್ತೆಗಳಲ್ಲಿ ಲಕ್ಷಗಟ್ಟಲೆ ಗಿಡ ನೆಡಿಸಿದವರೂ ಅವರೇ. ಆದರೆ ಪರಿಹಾರದ ದುಡ್ಡು ಸಿಕ್ಕುವುದಕ್ಕೂ ಎಷ್ಟೋ ಮುಂಚಿನಿಂದ ಊರಿನವರು ಹಕ್ಕಿ ಸಾಕಿಕೊಂಡು ಬಂದಿದ್ದಾರೆ. ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅಂತ ಅವರೇ ಹೇಳುತ್ತಾರೆ. ಬಂದ ಮಗಳನ್ನು ಯಾರು ಓಡಿಸುತ್ತಾರೆ? ಪ್ಲೇಗ್ ಬಂದಾಗ ಊರು ಶಿಂಷಾ ನದಿ ದಂಡೆಯಿಂದ ಈಗಿನ ಜಾಗಕ್ಕೆ ಎದ್ದು ಬಂತಂತೆ, ಹಕ್ಕಿಗಳೂ ಹಿಂದೆಯೇ ಬಂದವಂತೆ. ಹಿರಿಯರನ್ನು ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾರೆ.

ಮತ್ತೆ ಹೊಗಳಿಕೆಯನ್ನೆಲ್ಲ ನಂಬಿಕೊಂಡು ಹೋಗಬೇಡ. ಮರದ ಕೆಳಗೆ ನಿಂತರೆ ಮೀನಿನ ನಾತ, ಹಿಕ್ಕೆಯ ನಾತ. ಹೆಂಚು, ಅಂಗಳ, ಒಣಗಲು ಹಾಕಿದ ಬಟ್ಟೆ, ಎಲ್ಲದರ ಮೇಲೂ ಬೆಳ್ಳಗೆ ಸುಣ್ಣ ಚೆಲ್ಲಿರುತ್ತದೆ. ಮರಿಗಳ ಗಲಾಟೆ ದಿನವಿಡೀ. ಹಿಕ್ಕೆಯನ್ನು ಕೆರೆಯ ಗೋಡು ಮಣ್ಣಿನ ಜೊತೆ ಸೇರಿಸಿ ಗೊಬ್ಬರ ಮಾಡಿ ಹೊಲಕ್ಕೆ ಹಾಕುವ ರೂಢಿ ಇತ್ತು. ಒಳ್ಳೆ ಗೊಬ್ಬರ ಅದು. ಹಾಗಂತ ನಾತದ ಕೆಳಗೆ ಮಗು ಮಲಗಿಸುವ ತಾಯಿಗೆ ದಿನಾ ಖುಷಿಯಾಗಿರುತ್ತದೆ ಅಂತ ನಾನು ಹೇಳಲ್ಲ. ಈಗಿನ ಹುಡುಗರಿಗೆ ಆರ್‌ಸಿಸಿ ಮನೆ ಕಟ್ಟಬೇಕು, ಮರ ಅಡ್ಡ ಬರುತ್ತದೆ. ಅದು ತಪ್ಪು ಅನ್ನುವುದಕ್ಕೆ ನೀನು ಯಾರು, ನಾನು ಯಾರು?

ನೀನು ‘ಮೈಂಡ್ ಫ್ರೆಶ್ ಆಗುತ್ತೆ’ ಅಂತ ಬರೆದಿದ್ದೀಯಲ್ಲ, ಆಗಲಿ, ನನಗೂ ಬೇಕಾದ್ದು ಅದೇ. ಆದರೆ ಅಲ್ಲಿಯವರ ಮುಂದೆ ಆ ಮಾತು ಆಡಬೇಡ. ಅವರಿಗೆ ಅದು ವೀಕೆಂಡ್ ಅಲ್ಲ.

ಈಗ ಕೆಲಸದ ವಿಷಯ. ಬ್ಯಾನರ್ ಹಿಡಿದು ಬಂದು, ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು, ಗಿಡ ನೆಟ್ಟು, ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಬಸ್ ಹತ್ತುವ ಕಂಪನಿಯವರನ್ನು ಎಲ್ಲ ಊರಲ್ಲೂ ನೋಡಿದ್ದೇನೆ. ಮಾರ್ಚ್ ಹೊತ್ತಿಗೆ ಆ ಗಿಡಗಳು ಕಡ್ಡಿಯಾಗಿರುತ್ತವೆ. ನೀನು ಅವರ ಗುಂಪಿಗೆ ಸೇರಬೇಡ. ನೆಡುವವರು ಬೇಕಾದಷ್ಟು ಜನ ಸಿಗುತ್ತಾರೆ, ನೀರು ಹೊರುವವರು ಸಿಗಲ್ಲ. ಒಂದು ಅರಳಿ ಅಥವಾ ಹುಣಸೆ ಗೂಡು ಹೊರುವಷ್ಟು ದೊಡ್ಡದಾಗಲು ಎಷ್ಟೋ ವರ್ಷ ಬೇಕು. ಹಳೇ ಮರಗಳು ಗಾಳಿಗೆ ಬೀಳುತ್ತಲೇ ಇರುತ್ತವೆ. ಮೊದಲ ಎರಡು ಮೂರು ಬೇಸಿಗೆ ದಾಟಿಸಿದರೆ ಗಿಡ ಉಳಿಯುತ್ತದೆ. ದನ ಮೇಯದ ಹಾಗೆ ಮುಳ್ಳು ಕಟ್ಟುವುದು, ಕೊಡದಲ್ಲಿ ನೀರು ಹಾಕುವುದು, ಪಾತಿ ಮಾಡುವುದು. ನೋಡೋದಕ್ಕೆ ಏನೂ ಇಲ್ಲದ ಕೆಲಸ. ಇನ್‌ಸ್ಟಾಗ್ರಾಮಿಗೂ ಹಾಕೋಕಾಗಲ್ಲ.

ಅಲ್ಲಿ ಆಗಲೇ ಕೆಲಸ ಮಾಡುತ್ತಾ ಬಂದವರಿದ್ದಾರೆ ಅನ್ನುವುದನ್ನು ಮರೀಬೇಡ. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಅನ್ನುವ ಗುಂಪಿನವರು 1990ರ ದಶಕದಲ್ಲಿ ಊರಿನವರ ಜೊತೆ ಕೂತು ಮಾತಾಡಿ ಕೆಲಸ ಶುರುಮಾಡಿದರು. ಊರ ಹುಡುಗರು ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದಿದ್ದರಿಂದ ಅದು ಆಗಿದ್ದು. ಅಂದರೆ ಜಮೀನು, ಮರ ಜನರದ್ದೇ. ಕಾಪಾಡುವ ಹೊಣೆ ಊರು ಮತ್ತು ಇಲಾಖೆ ಇಬ್ಬರದೂ. ನೀನು ಹೋದರೆ ಮೊದಲು ಇಲಾಖೆಯ ವಾಚರ್‌ಗಳನ್ನು, ಬಳಗದ ಹುಡುಗರನ್ನು ಹುಡುಕು. ‘ಏನು ಮಾಡಲಿ?’ ಅಂತ ಕೇಳು. ಮೊದಲ ಸಲ ಅವರು ಏನೂ ಹೇಳದೇ ಇರಬಹುದು. ಬೇಜಾರು ಮಾಡಿಕೊಳ್ಳಬೇಡ, ಮತ್ತೆ ಹೋಗು. ಮೂರ್ನಾಲ್ಕು ಸಲ ಮುಖ ಕಂಡ ಮೇಲೆ ತಾವಾಗಿಯೇ ಕೆಲಸ ಹೇಳುತ್ತಾರೆ, ಊಟಕ್ಕೂ ಕರೆಯುತ್ತಾರೆ. ಮುದ್ದೆ ಇಟ್ಟರೆ ಡಯಟ್ ಅಂತ ಶುರು ಮಾಡಬೇಡ ಮತ್ತೆ.

ಬಿದ್ದ ಮರಿಗಳ ಬಗ್ಗೆ ನಿನಗೆ ಜಾಸ್ತಿ ಆಸೆ ಅಂತ ಕಾಣುತ್ತದೆ, ಎರಡು ಸಲ ಬರೆದಿದ್ದೀಯ. ಗೂಡು ಅಂದರೆ ಕಡ್ಡಿ ಅಟ್ಟ, ಅಷ್ಟೇ. ಒಂದರ ಪಕ್ಕ ಒಂದು ಒತ್ತಿಕೊಂಡಿರುತ್ತವೆ. ಗಾಳಿ ಬೀಸಿತು, ಮರಿಮರಿ ಜಗಳವಾಡಿತು, ರೆಕ್ಕೆ ಬಡಿಯೋಕೆ ಹೋಗಿ ಜಾರಿತು, ಬಿತ್ತು. ಬಿದ್ದ ಮರಿಗೆ ತಾಯಿ ತಂದೆ ಕೆಳಗೆ ಇಳಿದು ತಿನ್ನಿಸಲ್ಲ. ಹಾಗೇ ಬಿಟ್ಟರೆ ನಾಯಿ ಪಾಲು, ಇಲ್ಲ ಹಸಿವಿಗೆ ಸಾಯುತ್ತದೆ. ಅದಕ್ಕೆ ಅಂಥ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ಕೊಟ್ಟು, ಹಾರುವ ತನಕ ಸಾಕುತ್ತಾರೆ. ನೋಡಿದರೆ ಯಾರಿಗಾದರೂ ಎತ್ತಿಕೊಳ್ಳೋಣ ಅನ್ನಿಸುತ್ತದೆ. ಎತ್ತಿಕೊಳ್ಳಬೇಡ. ಬಿದ್ದ ಮರಿ ಕಂಡರೆ ನಾಯಿ ಬರದ ಹಾಗೆ ದೂರ ನಿಂತು ಕಾಯಿ, ಯಾರನ್ನಾದರೂ ಕೂಗು. ರೆಕ್ಕೆ ಮುರಿದಿದೆಯೋ ಇಲ್ಲವೋ ನಿನಗೆ ಗೊತ್ತಾಗಲ್ಲ, ಹಿಡಿಯುವಾಗ ಮುರಿದರೂ ಗೊತ್ತಾಗಲ್ಲ. ಅದೂ ಅಲ್ಲದೆ ಕಾಡು ಹಕ್ಕಿಯನ್ನು ಇಲಾಖೆಯವರು ಹೇಳದೆ ಹಿಡಿಯುವುದು ಕಾನೂನಿನಲ್ಲೇ ತಪ್ಪು.

ಸತ್ತ ಹಕ್ಕಿ ಕಂಡರಂತೂ ಬರಿಗೈಯಲ್ಲಿ ಮುಟ್ಟಲೇಬೇಡ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಜನ ಹಕ್ಕಿಜ್ವರ ಅಂತ ಹೆದರಿದ್ದರು. ಕೊಯ್ದು ನೋಡಿದಾಗ ಹೊಟ್ಟೆಯಲ್ಲಿ ದುಂಡುಹುಳು. ಮೀನಿನಿಂದ ಬಂದಿದ್ದು ಅಂದರು ಪಶುವೈದ್ಯರು. ಅಲ್ಲಿಗೆ ಕಥೆ ಮರದಿಂದ ಕೆರೆಗೆ ಬಂತು ನೋಡು. ಹಕ್ಕಿ ಮರದಲ್ಲಿ ಮಲಗುತ್ತದೆ, ಉಣ್ಣುವುದು ಶಿಂಷಾ ನದಿಯಲ್ಲಿ, ತೈಲೂರು ಕೆರೆಯಲ್ಲಿ, ಸೂಳೆಕೆರೆಯಲ್ಲಿ. ಆ ಕೆರೆಗಳ ನೀರು ಕೆಟ್ಟರೆ, ಬತ್ತಿದರೆ, ಬೆಳ್ಳೂರಿನವರು ಎಷ್ಟು ಪ್ರೀತಿಯಿಂದ ಮರ ಕಾದರೂ ಪ್ರಯೋಜನವಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ಬೆಳ್ಳೂರು ಬಿಟ್ಟು ಕೆರೆ ಏರಿ ಮೇಲೆ ನಡಿ. ಬಿಸಾಕಿದ ನೈಲಾನ್ ಬಲೆ, ಗಾಳದ ದಾರ ಕಂಡರೆ ಚೀಲಕ್ಕೆ ತುಂಬು. ಕಾಲಿಗೆ ದಾರ ಸುತ್ತಿಕೊಂಡ ಹಕ್ಕಿ ಕೊಂಬೆಗೆ ಸಿಕ್ಕಿ ನೇತಾಡಿ ಸಾಯುತ್ತದೆ. ಮರಿ ಎತ್ತಿಕೊಳ್ಳುವುದಕ್ಕಿಂತ ಇದೇ ಹೆಚ್ಚು ಉಪಯೋಗ.

ಲೆಕ್ಕ ಇಡುವ ಕೆಲಸ ನಿನಗೆ ಒಗ್ಗುತ್ತದೆ, ದಿನವೆಲ್ಲ ಎಕ್ಸೆಲ್ ಶೀಟ್ ನೋಡುವವಳು. ಯಾವ ಮರ, ಎಷ್ಟು ಗೂಡು, ಯಾವ ಹಕ್ಕಿ, ಮರಿ ಎಷ್ಟು. ಒಂದು ನೋಟ್‌ಬುಕ್ ಇಟ್ಟುಕೊಂಡು ಒಬ್ಬಳೇ ಇಡೀ ಸೀಸನ್ ಬರೆದರೆ, ಅದು ಬಂದುಹೋಗುವವರು ಅಂದಾಜಿಗೆ ಹೇಳುವ ಸಂಖ್ಯೆಗಿಂತ ಮೇಲು. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆಯುತ್ತಿದೆ. ಫೆಬ್ರವರಿಯಲ್ಲಿ ಹಿತ್ತಲ ಹಕ್ಕಿಗಳನ್ನು ಎಣಿಸುವ ನಾಲ್ಕು ದಿನ ಇದೆ. ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಹಾಕಿದರೆ ಸಾಕು. ಗೊತ್ತಿಲ್ಲದ ಹಕ್ಕಿಯ ಹೆಸರು ಊಹಿಸಿ ಬರೆಯಬೇಡ, ಖಾಲಿ ಬಿಡು.

ಇನ್ನು ಸಂತೋಷದ ಮಾತು. ನಿಜ ಹೇಳಬೇಕಂದರೆ ಈ ಪತ್ರ ಬರೆಯೋಕೆ ಕೂತಿದ್ದೇ ಇದನ್ನು ಹೇಳಲಿಕ್ಕೆ.

ಊರೆಲ್ಲ ಸುತ್ತಬೇಡ. ಒಂದು ಮರ ಆರಿಸಿಕೋ, ಅದರಲ್ಲಿ ಒಂದು ಗೂಡು. ಮನೆಯವರನ್ನು ಕೇಳಿ ಜಗಲಿ ಮೇಲೆ ಕೂತುಕೋ. ಬೈನಾಕ್ಯುಲರ್ ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ, ಅಷ್ಟು ಹತ್ತಿರ. ಹೆಜ್ಜಾರ್ಲೆ ಬೆಳಿಗ್ಗೆ ಬೇಗ ಹೊರಡಲ್ಲ, ಗಮನಿಸು. ಅಷ್ಟು ಭಾರದ ಹಕ್ಕಿ, ರೆಕ್ಕೆ ಬಡಿದು ಬಡಿದು ಮೇಲೇರಿದರೆ ಸುಸ್ತು. ಬಿಸಿಲೇರಿ ನೆಲ ಕಾದು ಗಾಳಿ ಮೇಲೇಳಲು ಶುರುವಾದ ಮೇಲೆ, ಒಂದು ಎದ್ದು ಸುತ್ತು ಹೊಡೆಯುತ್ತದೆ, ಅದರ ಹಿಂದೆ ಇನ್ನೊಂದು, ಆಮೇಲೆ ಹತ್ತಾರು, ರೆಕ್ಕೆ ಅಲ್ಲಾಡಿಸದೆ ಸುತ್ತುತ್ತಾ ಸುತ್ತುತ್ತಾ ಚುಕ್ಕಿಯಾಗುವ ತನಕ ಮೇಲೆ ಹೋಗಿ, ಅಲ್ಲಿಂದ ಕೆರೆಯ ಕಡೆಗೆ ಜಾರಿಕೊಂಡು ಹೋಗುತ್ತವೆ. ಕ್ಲಾಸಿನಲ್ಲಿ ಬಿಸಿ ಗಾಳಿ ಹಗುರ ಅಂತ ಬೋರ್ಡ್ ಮೇಲೆ ಬಾಣ ಹಾಕಿ ಎಷ್ಟು ಸಲ ಹೇಳಿದೆನೋ, ಇದನ್ನು ಒಂದು ಸಲ ತೋರಿಸಿದ್ದರೆ ಮಕ್ಕಳು ಮರೆಯುತ್ತಿರಲಿಲ್ಲ.

ಮಧ್ಯಾಹ್ನ ಎಲ್ಲರೂ ಜಾಗ ಖಾಲಿ ಮಾಡುತ್ತಾರೆ, ಬಿಸಿಲು ಅಂತ. ನೀನು ಕೂತಿರು. ಬಣ್ಣದ ಕೊಕ್ಕರೆ ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆ ಅಗಲಿಸಿ ನಿಂತು ಮರಿಗಳಿಗೆ ನೆರಳು ಮಾಡುತ್ತದೆ. ಬಿಸಿಲು ತಿರುಗಿದ ಹಾಗೆ ಅದೂ ತಿರುಗುತ್ತದೆ. ಹೆಜ್ಜಾರ್ಲೆ ಗಂಟಲ ಚೀಲವನ್ನು ಪಟಪಟ ಅಲ್ಲಾಡಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಕೊಕ್ಕರೆಯ ಕಾಲು ಕೆಂಪಗಿರಬೇಕಲ್ಲ, ಇದೇನು ಬೆಳ್ಳಗಿದೆ ಅಂತ ನೀನು ಕೇಳುತ್ತೀಯ. ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಳ್ಳುತ್ತದೆ, ಅದು ಆರುವಾಗ ತಂಪಾಗುತ್ತದೆ. ಮುಖ ಸಿಂಡರಿಸಬೇಡ, ವಿಜ್ಞಾನ ಅದು. ಹೆಜ್ಜಾರ್ಲೆ ಮರಿ ತಾಯಿಯ ಚೀಲದೊಳಗೆ ತಲೆ ಪೂರ್ತಿ ತೂರಿಸಿ ಮೀನು ಎಳೆದು ತಿನ್ನುವುದು ಕಂಡರೆ ಮೊದಲ ಸಲ ಭಯವಾಗುತ್ತದೆ, ನುಂಗಿಬಿಟ್ಟಿತಾ ಅಂತ. ಹುಟ್ಟಿದಾಗ ಪುಕ್ಕವಿಲ್ಲದ ಬೆತ್ತಲೆ ಮುದ್ದೆ, ಆಮೇಲೆ ಬಿಳಿ ತುಪ್ಪಳ, ಆಮೇಲೆ ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿತ. ಇದೆಲ್ಲ ಒಂದೇ ಗೂಡಿನಲ್ಲಿ ತಿಂಗಳುಗಟ್ಟಲೆ ನೋಡಿದವರಿಗೆ ಮಾತ್ರ ಕಾಣುವುದು.

ಕ್ಯಾಮೆರಾ ಬೇಕಾದರೆ ಒಯ್ಯಿ, ಆದರೆ ಮೊದಲ ಗಂಟೆ ಚೀಲದಲ್ಲೇ ಇರಲಿ. ಡ್ರೋನ್ ತರುವ ಗೆಳೆಯರು ಯಾರಾದರೂ ಇದ್ದರೆ ಅವರನ್ನು ಬೆಂಗಳೂರಲ್ಲೇ ಬಿಟ್ಟು ಬಾ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಿ ಫೋಟೋ ಹೊಡೆಯುವ ದೊಡ್ಡ ಮನುಷ್ಯರೂ ಸಿಗುತ್ತಾರೆ. ಅಂಥವರಿಗೆ ನೀನು ಬುದ್ಧಿ ಹೇಳೋಕೆ ಹೋಗಬೇಡ, ಊರಿನ ಅಜ್ಜಿಯೊಬ್ಬರಿಗೆ ಕಣ್ಸನ್ನೆ ಮಾಡು ಸಾಕು, ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ.

ಹೆಜ್ಜಾರ್ಲೆಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಬರಲು ಶುರುಮಾಡುತ್ತವೆ, ಕೊಕ್ಕರೆಗಳು ಸ್ವಲ್ಪ ತಡ. ಏಪ್ರಿಲ್, ಮೇ ಗಾಳಿಮಳೆಯಲ್ಲೇ ಮರಿ ಬೀಳುವುದು ಜಾಸ್ತಿ, ಆಗ ಕೈ ಬೇಕಾಗುತ್ತದೆ. ಸೆಕೆ ಅಂತ ಪ್ರವಾಸಿಗರು ಬರದಿರುವುದೂ ಆಗಲೇ. ಜೂನ್ ಕಳೆದರೆ ಮರ ಖಾಲಿ, ಗಿಡ ನೆಡುವ ಕಾಲ. ಚಳಿಗಾಲದಲ್ಲಿ ಎರಡು ಸಲ ಹೋಗಿ ಬಂದು ಸ್ಟೇಟಸ್ ಹಾಕಿ ಮುಗಿಸುವುದಾದರೆ ಸುಮ್ನೆ ನೋಡೋಕೆ ಹೋಗಿ ಬಾ, ಅದೂ ತಪ್ಪೇನಲ್ಲ. ಸೇವೆ ಅಂತ ಹೆಸರಿಡಬೇಡ ಅಷ್ಟೇ.

ಬೆಂಗಳೂರಿಂದ ಸುಮಾರು 80 ಕಿಲೋಮೀಟರ್. ಮೈಸೂರು ರಸ್ತೆಯಲ್ಲಿ ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಹೊಸ ಹೈವೇಯಲ್ಲಿ ಹೋದರೆ ತಿರುವು ತಪ್ಪುತ್ತದೆ, ಹಳೇ ರಸ್ತೆಯಲ್ಲೇ ಬಾ. ಬಿಸ್ಲೇರಿ ಬಾಟಲಿ ಬೇಡ, ಸ್ಟೀಲಿನದು ತಗೋ. ಟೋಪಿ ಕಡ್ಡಾಯ, ಬಿಸಿಲಿಗಲ್ಲ, ಮೇಲಿಂದ ಬೀಳುವುದಕ್ಕೆ. ಹಳೇ ಬಟ್ಟೆ ಹಾಕಿಕೋ. ಈ ಸಲ ಮಾತ್ರ ಶುಕ್ರವಾರ ರಾತ್ರಿಯೇ ಮಂಡ್ಯಕ್ಕೆ ನಮ್ಮನೆಗೆ ಬಂದುಬಿಡು, ಬೆಳಿಗ್ಗೆ ಇಲ್ಲಿಂದ ಒಟ್ಟಿಗೆ ಹೊರಡೋಣ. ನಿನ್ನ ಚಿಕ್ಕಪ್ಪ ಸ್ಕೂಟರ್ ಕೊಡುತ್ತೇನೆ ಅಂದಿದ್ದಾರೆ, ಪೆಟ್ರೋಲ್ ನೀನೇ ಹಾಕಿಸಬೇಕಂತೆ.

ಇಂತಿ ನಿನ್ನ
ಚಿಕ್ಕಮ್ಮ